ದಾವಣಗೆರೆಯಿಂದ ಅಂಡಮಾನ್‌ಗೆ: ಸಮುದ್ರದ ಲೆಕ್ಕಕ್ಕೆ ಹೊಂದಿಸಿದ ಏಳು ದಿನ

ಬಯಲುಸೀಮೆಯವರು ಕಂಡ ನೀರು ಒಂದೋ ನಿಂತಿರುತ್ತದೆ, ಇಲ್ಲವೇ ಒಂದೇ ಕಡೆಗೆ ಹರಿಯುತ್ತದೆ. ಸೂಳೆಕೆರೆ ನಿಂತ ನೀರು, ಭದ್ರಾ ನಾಲೆ ಹರಿಯುವ ನೀರು. ಹರಿಹರದ ತುಂಗಭದ್ರೆ ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತಾಳೆ. ಬೆಳಿಗ್ಗೆ ಎದೆಮಟ್ಟ ಇದ್ದ ನೀರು ಮಧ್ಯಾಹ್ನ ನೂರಾರು ಹೆಜ್ಜೆ ಹಿಂದೆ ಸರಿದು ಬರೀ ಕಲ್ಲು, ಕೆಸರು, ಹವಳದ ಚೂರು ಕಾಣಿಸುವುದನ್ನು ನಮ್ಮ ಕಡೆಯ ಹೆಚ್ಚಿನವರು ನೋಡಿಯೇ ಇರುವುದಿಲ್ಲ. ಅಂಡಮಾನ್ ಪ್ರವಾಸದಲ್ಲಿ ನಿರಾಸೆಯಾಗುವುದು ಬಹುಪಾಲು ಈ ಕಾರಣಕ್ಕೇ. ನೋಡಬೇಕಾದ ಜಾಗಗಳ ಪಟ್ಟಿ ಚೆನ್ನಾಗಿರುತ್ತದೆ, ಹೋಗುವ ಹೊತ್ತು ತಪ್ಪಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಜಾಗಕ್ಕಿಂತ ಹೊತ್ತಿನ ಮಾತೇ ಹೆಚ್ಚು: ನೀರಿನ ಹೊತ್ತು, ಬೆಳಕಿನ ಹೊತ್ತು, ಹಡಗಿನ ಹೊತ್ತು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್, ಫಲಕ, ನಕ್ಷೆಗಳಲ್ಲಿ ಎರಡೂ ಹೆಸರು ಕಾಣುತ್ತವೆ. ಆಟೋದವರ ಬಾಯಲ್ಲಿ ಹಳೆಯದೇ ಓಡುತ್ತದೆ. ಇಲ್ಲಿಯೂ ಬಾಯಿಗೆ ಬರುವ ಹಳೆಯ ಹೆಸರನ್ನೇ ಬಳಸಿದೆ.

ಯಾವ ತಿಂಗಳು

ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಅದರ ಬೆನ್ನಿಗೇ ಈಶಾನ್ಯ ಮಾರುತದ ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುತ್ತಿರುತ್ತವೆ, ಡಿಸೆಂಬರ್ ಮೊದಲ ಭಾಗವನ್ನೂ ಪೂರ್ತಿ ನಂಬುವಂತಿಲ್ಲ. 2016ರ ಡಿಸೆಂಬರ್‌ನಲ್ಲಿ ಬಿರುಗಾಳಿಯಿಂದ ಹಡಗು ನಿಂತು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಿಕ್ಕಿಕೊಂಡರು. ಅವರನ್ನು ಕರೆತರಲು ನೌಕಾಪಡೆಯೇ ಹೋಗಬೇಕಾಯಿತು.

ಮಕ್ಕಳ ದಸರಾ ರಜೆಗೆ ಹೊಂದಿಸುವವರು ಮಳೆಗೆ ಸಿದ್ಧರಾಗಿಯೇ ಹೋಗಬೇಕು. ಬೇಸಿಗೆ ರಜೆಯ ಏಪ್ರಿಲ್ ಸೆಕೆಯದ್ದು. ಆದರೆ ಆಗ ಸಮುದ್ರ ಶಾಂತ, ನೀರು ತಿಳಿ, ನೀರೊಳಗೆ ಇಳಿಯುವವರಿಗೆ ಹೇಳಿ ಮಾಡಿಸಿದ ಕಾಲ. ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡ. ವಿಮಾನ, ಕೋಣೆ, ಫೆರ್ರಿ ಮೂರೂ ದುಬಾರಿ, ಮೂರೂ ಭರ್ತಿ.

ಗೋಡೆಯ ಕ್ಯಾಲೆಂಡರ್ ಮತ್ತು ಉಬ್ಬರ-ಇಳಿತ

ಟಿಕೆಟ್ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇದು. ಅಂಡಮಾನ್ ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಂದು ಬೆಳಿಗ್ಗೆ 10ಕ್ಕೆ ಇಳಿತವಿದ್ದರೆ ಉಬ್ಬರ ಸಂಜೆ 4ರ ಆಸುಪಾಸು, ನಾಳೆಯ ಇಳಿತ 10.50ಕ್ಕೆ, ನಾಡಿದ್ದು 11.40ಕ್ಕೆ. ಎರಡು ವಾರಕ್ಕೆ ಈ ಚಕ್ರ ಹೆಚ್ಚೂಕಡಿಮೆ ಮೊದಲಿನ ಹೊತ್ತಿಗೇ ಮರಳುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ಎರಡು-ಮೂರು ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಕಲ್ಲುಗುಂಡಿಗಳಲ್ಲಿ ಏಡಿ, ನಕ್ಷತ್ರಮೀನು, ಸಮುದ್ರ ಸೌತೆ ನೋಡುವ ಆಸೆಯಿದ್ದರೆ ಹುಣ್ಣಿಮೆ-ಅಮಾವಾಸ್ಯೆಗೆ ಹೊಂದಿಸಿ. ಈಜು, ಸ್ನಾರ್ಕೆಲಿಂಗ್ (ಬಾಯಿಗೆ ಕೊಳವೆ ಕಚ್ಚಿ ತೇಲುತ್ತ ನೀರೊಳಗೆ ನೋಡುವುದು) ಮುಖ್ಯವಾದರೆ ಅಷ್ಟಮಿಯ ಸುತ್ತಿನ ದಿನಗಳು ವಾಸಿ, ಸೆಳೆತ ಕಡಿಮೆ. ರಾತ್ರಿ ನೀರಿನಲ್ಲಿ ಕೈಯಾಡಿಸಿದರೆ ಮಿಣುಕುವ ನೀಲಿ ಬೆಳಕನ್ನು ಕಾಣಬೇಕೆಂದರೆ ಅಮಾವಾಸ್ಯೆಯ ಕತ್ತಲೆಯೇ ಬೇಕು. ಬೆಳದಿಂಗಳಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಹೀಗೆ ವಾರ ಗೊತ್ತಾದ ಮೇಲೆ ಪೋರ್ಟ್ ಬ್ಲೇರ್‌ನ ಉಬ್ಬರ-ಇಳಿತದ ಪಟ್ಟಿ ತೆಗೆದುಕೊಳ್ಳಿ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯ್ಸ್, ಉಬ್ಬರ-ಇಳಿತದ ಹೊತ್ತನ್ನೂ ಅಲೆಯ ಎತ್ತರದ ಮುನ್ಸೂಚನೆಯನ್ನೂ ಕೊಡುತ್ತದೆ. ಏಳು ದಿನದ ನಾಲ್ಕು ನಾಲ್ಕು ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಡಿ. ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಾಗ ಆ ಹಾಳೆಯೇ ಗತಿ.

ಸೂರ್ಯನ ಲೆಕ್ಕ

ಭಾರತದ ಗಡಿಯಾರವೇ ಅಲ್ಲಿಯೂ. ಸೂರ್ಯ ಮಾತ್ರ ಬೇರೆ. ದಾವಣಗೆರೆ ಇರುವುದು ಸುಮಾರು 76 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೋರ್ಟ್ ಬ್ಲೇರ್ 93ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿನ ಹೊತ್ತು ನಮಗಿಂತ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಮುಂದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಬಿಸಿಲು, ಸಂಜೆ ಐದಕ್ಕೆ ಸೂರ್ಯಾಸ್ತ. ಏಪ್ರಿಲ್‌ನಲ್ಲೂ ಐದೂವರೆಗೆ ಮುಳುಗಿಬಿಡುತ್ತಾನೆ.

ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟು, ಮೂರಕ್ಕೆ ಊಟ ಮಾಡಿ, ಐದಕ್ಕೆ ಕಡಲತೀರಕ್ಕೆ ಹೋಗುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ನಾಲ್ಕೂವರೆಗೆ ಎದ್ದು ಐದಕ್ಕೆ ಹೊರಬೀಳಿ. ಹತ್ತೂವರೆಗೆ ಕೋಣೆಗೆ ಮರಳಿ ಬಿಸಿಲು ತಪ್ಪಿಸಿಕೊಳ್ಳಿ, ಎರಡೂವರೆಗೆ ಮತ್ತೆ ಹೊರಡಿ. ರಾತ್ರಿ ಎಂಟಕ್ಕೆ ಮಲಗಿದರೆ ತಪ್ಪೇನಿಲ್ಲ. ಮನೆಯ ಹಿರಿಯರಿಗೆ ಈ ದಿನಚರಿ ಸುಲಭವಾಗಿ ಒಗ್ಗುತ್ತದೆ, ಒದ್ದಾಡುವವರು ಹರೆಯದವರೇ.

ಊರಿನಿಂದ ದೇವನಹಳ್ಳಿಗೆ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಹೆಚ್ಚಿನವು ಬೆಳಿಗ್ಗೆಯೇ ಹೊರಡುತ್ತವೆ, ನಮ್ಮ ಕಡೆಯವರಿಗೆ ಸಿಕ್ಕು ಬರುವುದು ಇಲ್ಲಿಯೇ. 7 ಗಂಟೆಯ ವಿಮಾನವಾದರೆ 5ಕ್ಕೆ ನಿಲ್ದಾಣದಲ್ಲಿರಬೇಕು, ಮೆಜೆಸ್ಟಿಕ್‌ನಿಂದ 3.30ರೊಳಗೆ ಹೊರಟಿರಬೇಕು. ನಸುಕಿನಲ್ಲಿ ಬೆಂಗಳೂರು ಮುಟ್ಟಿಸುವ ರೈಲನ್ನು ನಂಬಿದರೆ ವಿಮಾನ ತಪ್ಪುತ್ತದೆ. ಹಿಂದಿನ ದಿನ ಮಧ್ಯಾಹ್ನದ ಮೇಲಿನ ರೈಲಿಗೆ ಹೋಗಿ ಬೆಂಗಳೂರಿನ ನೆಂಟರ ಮನೆಯಲ್ಲೋ ದೇವನಹಳ್ಳಿ ಕಡೆಯ ವಸತಿಗೃಹದಲ್ಲೋ ಉಳಿಯುವುದು ನೆಮ್ಮದಿ. 11 ಗಂಟೆಯ ನಂತರದ ವಿಮಾನ ಸಿಕ್ಕರೆ ಮಾತ್ರ ರಾತ್ರಿ ಪ್ರಯಾಣ ಸರಿಹೋಗುತ್ತದೆ.

ಚಿತ್ರದುರ್ಗದವರಿಗೆ ರೈಲಿಗಿಂತ ಬಸ್ಸೇ ಅನುಕೂಲ, ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ದಾವಣಗೆರೆಯಿಂದ ಸುಮಾರು 260. ರಾತ್ರಿ ಬಸ್ಸಿನಲ್ಲಿ ಬರುವವರು ಗೊರಗುಂಟೆಪಾಳ್ಯದಲ್ಲೇ ಇಳಿದು ಹೆಬ್ಬಾಳದ ಕಡೆ ಹೊರಟರೆ ಮೆಜೆಸ್ಟಿಕ್‌ಗೆ ಹೋಗಿ ಹಿಂದಕ್ಕೆ ಬರುವ ಸುತ್ತು ಉಳಿಯುತ್ತದೆ. ಲಗೇಜು ಹೆಚ್ಚಿದ್ದರೆ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸೇ ಸಲೀಸು. ಸ್ವಂತ ಕಾರಿನಲ್ಲಿ ಹೋಗುವವರು ಬೆಂಗಳೂರಿನೊಳಗೆ ಕಾಲಿಡಬೇಕಿಲ್ಲ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಇಡೀ ರಾತ್ರಿ ಒಬ್ಬರೇ ಗಾಡಿ ಓಡಿಸಬೇಡಿ.

ಹಡಗಿನ ದಾರಿಯೂ ಇದೆ. ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಗಳಿಂದ ಸರ್ಕಾರಿ ಹಡಗು ಸುಮಾರು ಮೂರು ದಿನಕ್ಕೆ ಮುಟ್ಟಿಸುತ್ತದೆ. ಒಂದು ವಾರದ ರಜೆಯವರಿಗೆ ಅದು ಆಗದ ಮಾತು.

ಗಂಟು ಕಟ್ಟುವಾಗ

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಲಗೇಜು, ಕೈಚೀಲಕ್ಕೆ 7 ಕಿಲೋ. ನಮ್ಮ ಕಡೆಯ ಗಂಟಿನಲ್ಲಿ ತೊಡಕಾಗುವ ನಾಲ್ಕು ವಸ್ತುಗಳಿವೆ. ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆಯೆಂದು ಕೈಚೀಲಕ್ಕೂ ಇಲ್ಲ, ದೊಡ್ಡ ಚೀಲಕ್ಕೂ ಇಲ್ಲ. ಖಾರದಪುಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಚೀಲಕ್ಕೆ ಹಾಕಿ. ಎಣ್ಣೆ ಉಪ್ಪಿನಕಾಯಿಯೂ ಹಾಗೆಯೇ. ಪವರ್ ಬ್ಯಾಂಕ್‌ಗೆ ಇದರ ತಿರುಗುಮುರುಗು, ಅದು ಕೈಚೀಲದಲ್ಲೇ ಇರಬೇಕು.

ಕಡಕ್ ರೊಟ್ಟಿ ವಾರವಿಡೀ ಕೆಡುವುದಿಲ್ಲ, ತೂಕವೂ ಕಡಿಮೆ. ನಸುಕಿನಲ್ಲಿ ಹೋಟೆಲು ತೆರೆಯುವ ಮುಂಚೆ ಹೊರಡುವವರಿಗೆ ರೊಟ್ಟಿ-ಚಟ್ನಿಪುಡಿಯಷ್ಟು ಒಳ್ಳೆಯ ಬುತ್ತಿ ಬೇರೆಯಿಲ್ಲ. ಮಂಡಕ್ಕಿ ಒಯ್ಯುವ ಆಸೆ ಬಿಡಿ, ಉಪ್ಪುಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಲ್ಲವೇ ಬಟ್ಟೆಯಲ್ಲಿ ಕಟ್ಟಿ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಲಿ ಬಾಯ್ ದ್ವೀಪಕ್ಕೆ ಹೋಗುವಾಗ ಚೀಲ ತಪಾಸಣೆಯಿದೆ, ಪ್ಲಾಸ್ಟಿಕ್ ಕವರು, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ.

ಉಳಿದದ್ದು: ತಲಾ ಎರಡು ಜೊತೆ ಬೇಗ ಒಣಗುವ ತುಂಬುತೋಳಿನ ಬಟ್ಟೆ, ಟೋಪಿ, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ, ತೆಳು ಚಾಪೆ ಒಂದು, ಕೊಬ್ಬರಿಎಣ್ಣೆ ಸಣ್ಣ ಸೀಸೆ, ಸೊಳ್ಳೆ ಮುಲಾಮು, ಹೊಟ್ಟೆ ತೊಳಸುವುದಕ್ಕೆ ವೈದ್ಯರು ಬರೆದುಕೊಟ್ಟ ಮಾತ್ರೆ, ಗಾಯಕ್ಕೆ ಹಚ್ಚುವ ಔಷಧಿ, ನೀರು ಒಳಹೋಗದ ಮೊಬೈಲ್ ಚೀಲ. ಹವಾಯಿ ಚಪ್ಪಲಿ ಕೋಣೆಗೆ ಸಾಕು. ಹವಳದ ಕಲ್ಲಿನ ಮೇಲೆ ಅದು ಜಾರುತ್ತದೆ, ಅಲೆ ಬಂದರೆ ಕಾಲಿನಿಂದ ಕಳಚಿ ಹೋಗುತ್ತದೆ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್‌ಗೆ ಭಾರತೀಯರಿಗೆ ಪರವಾನಗಿ ಬೇಡ. ಫೆರ್ರಿ ಹತ್ತಲು ಮಕ್ಕಳೂ ಸೇರಿ ಎಲ್ಲರ ಗುರುತಿನ ಚೀಟಿ ಬೇಕು, ಟಿಕೆಟ್‌ನ ಹೆಸರು ಅದಕ್ಕೆ ಹೊಂದಬೇಕು. ಚೆನ್ನೈಯಿಂದ ಹಾಕಿದ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ ಚಾಲೂ ಆದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ಸಣ್ಣ ದ್ವೀಪಗಳಲ್ಲಿ ಎಟಿಎಂ ಕಡಿಮೆ, ಫೋನಿನಲ್ಲಿ ಹಣ ಕಳಿಸುವುದು ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ಮೂರು ದಿನದ ಖರ್ಚಿನಷ್ಟು ನಗದು ಕೈಯಲ್ಲಿರಲಿ.

ಹೊರಡುವ ಎರಡು ವಾರ ಮೊದಲು

ದಿನಾ ಬೆಳಿಗ್ಗೆ ನಾಲ್ಕೈದು ಕಿ.ಮೀ. ನಡೆಯಿರಿ. ಕುಂದುವಾಡ ಕೆರೆ ಏರಿಯಾದರೂ ಸರಿ, ದುರ್ಗದ ಕೋಟೆಯ ಮೆಟ್ಟಿಲಾದರೂ ಸರಿ. ಅಲುಗಾಡುವ ದೋಣಿಯಿಂದ ಜೆಟ್ಟಿಗೆ ಕಾಲಿಡುವುದು, ಮರಳಿನಲ್ಲಿ ಅರ್ಧ ಗಂಟೆ ನಡೆಯುವುದು ಮಂಡಿಗೆ ಪರೀಕ್ಷೆ.

ಈಜು ಬಾರದವರು ಹೆದರಬೇಕಿಲ್ಲ, ಲೈಫ್ ಜಾಕೆಟ್ ತೊಟ್ಟು ಸ್ನಾರ್ಕೆಲಿಂಗ್ ಮಾಡಬಹುದು. ಊರಿನ ಈಜುಕೊಳದಲ್ಲಿ ಮುಖವನ್ನು ನೀರಿನಲ್ಲಿಟ್ಟು ಬಾಯಿಂದ ಮಾತ್ರ ಉಸಿರಾಡುವುದನ್ನು ನಾಲ್ಕು ದಿನ ಅಭ್ಯಾಸ ಮಾಡಿದರೆ ಅಲ್ಲಿ ಅರ್ಧ ಹೆದರಿಕೆ ಕಳೆದಂತೆ. ಮುಖಕವಚ ಸರಿಹೊಂದುತ್ತದೆಯೇ ನೋಡಲು ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಸರಿಯಾಗಿದೆ. ಮೀಸೆಯಿದ್ದವರಿಗೆ ಮೂಗಿನ ಕೆಳಗಿನಿಂದ ನೀರು ಜಿನುಗುತ್ತದೆ, ಅಲ್ಲಿ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ನಿಲ್ಲುತ್ತದೆ.

ನಾಲೆಯಲ್ಲಿ, ಬಾವಿಯಲ್ಲಿ ಈಜಿ ಬೆಳೆದವರಿಗೆ ಇನ್ನೊಂದು ಎಚ್ಚರಿಕೆ. ನಾಲೆಯ ಸೆಳೆತ ಒಂದೇ ದಿಕ್ಕಿನದು, ದಡ ಕೈಗೆಟಕುವಷ್ಟು ಹತ್ತಿರ. ಸಮುದ್ರದಲ್ಲಿ ಅಲೆ ತಂದ ನೀರು ಕಿರಿದಾದ ದಾರಿ ಹಿಡಿದು ಒಳಕ್ಕೆ ಮರಳುವಾಗ ಮನುಷ್ಯನನ್ನೂ ಎಳೆದೊಯ್ಯುತ್ತದೆ. ಅದಕ್ಕೆ ಎದುರಾಗಿ ದಡದ ಕಡೆ ಈಜಿದರೆ ದಣಿದು ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ. ಅಲೆಗಳ ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ ನೊರೆ ಒಳಕ್ಕೆ ಸಾಗುವಂತೆ ಕಂಡರೆ ಅದೇ ಸೆಳೆತದ ಜಾಗ. ನೋಡುವವರಿಗೆ ಅದೇ ಶಾಂತವಾಗಿ ಕಾಣುವುದರಿಂದ ಜನ ಅಲ್ಲಿಗೇ ಇಳಿಯುತ್ತಾರೆ.

ಏಳು ದಿನದ ಹಂಚಿಕೆ

ಮೊದಲ ದಿನ ಪೋರ್ಟ್ ಬ್ಲೇರ್. ಇಳಿದು, ಉಂಡು, ಒಂದು ಗಂಟೆ ಮಲಗಿ ಎದ್ದು ಸೆಲ್ಯುಲರ್ ಜೈಲಿಗೆ ಹೋಗಿ. 1896ರಲ್ಲಿ ಕಟ್ಟಲು ಶುರುವಾಗಿ 1906ಕ್ಕೆ ಮುಗಿದ ಈ ಸೆರೆಮನೆಗೆ ಏಳು ಕೈಗಳಿದ್ದವು, ಅಂದರೆ ಕೈಯಂತೆ ಚಾಚಿದ ಏಳು ಕಟ್ಟಡಸಾಲು. ಈಗ ಉಳಿದಿರುವುದು ಮೂರು. ಒಂದು ಕೈಯ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಮುಖ ಮಾಡಿವೆ, ಕೈದಿಗೆ ಕೈದಿಯ ಮುಖ ಕಾಣಬಾರದೆಂದು. ಒಂದು ಕೋಣೆಯೊಳಗೆ ಹೋಗಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಟಿಕೆಟ್ ಮೊದಲೇ ಮಾಡಿಸಿಕೊಳ್ಳಬೇಕು.

ಎರಡನೆಯ ದಿನ ಬೆಳಿಗ್ಗೆ ಹ್ಯಾವ್‌ಲಾಕ್. ಖಾಸಗಿ ಫೆರ್ರಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಫೆರ್ರಿ ಎರಡೂವರೆ. ಖಾಸಗಿಯದ್ದು ಹವಾನಿಯಂತ್ರಿತ, ಮುಚ್ಚಿದ ಕೋಣೆ. ಟಿಕೆಟ್ ವಾರಗಳ ಮೊದಲೇ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಹೆಚ್ಚು. ಸರ್ಕಾರಿಯದ್ದು ಅಗ್ಗ, ಹೊರಗೆ ನಿಂತು ಗಾಳಿಗೆ ಮುಖವೊಡ್ಡಬಹುದು. ವಾಕರಿಕೆ ಬರುವವರಿಗೆ ಇದೇ ಒಳ್ಳೆಯದು, ಏಕೆಂದರೆ ಕಣ್ಣು ದಿಗಂತವನ್ನು ಹಿಡಿದಿದ್ದರೆ ತಲೆ ತಿರುಗುವುದು ಕಡಿಮೆ. ಎರಡು ಇಡ್ಲಿಯಷ್ಟು ತಿಂದು ಹತ್ತಿ. ಬರಿಹೊಟ್ಟೆಯೂ ಬೇಡ, ಮಸಾಲೆದೋಸೆಯೂ ಬೇಡ. ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ನುಂಗಿ ಪ್ರಯೋಜನವಿಲ್ಲ, ಹತ್ತುವ ಅರ್ಧ-ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕೂರುವುದು ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ. ಮೂತಿಯ ಕಡೆ ಎತ್ತಿಹಾಕುವುದು ಹೆಚ್ಚು.

ಅಂದು ಸಂಜೆ ರಾಧಾನಗರ ತೀರ, ಜೆಟ್ಟಿಯಿಂದ ಸುಮಾರು 12 ಕಿ.ಮೀ. ಪಶ್ಚಿಮಕ್ಕೆ ಮುಖವಾಗಿರುವುದರಿಂದ ಸೂರ್ಯಾಸ್ತಕ್ಕೆ ಸರಿ. ಮರಳು ನಯ, ಇಳಿಜಾರು ಸಲೀಸು, ಈಜಲು ದ್ವೀಪದಲ್ಲೇ ಒಳ್ಳೆಯ ಜಾಗ. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಬರೆದ ಮೇಲೆ ಜನ ಹೆಚ್ಚಿದರು. ತೀರದ ಬೆನ್ನಿಗೇ ಕಡಲ ಮೊಹುವಾ ಮರಗಳು ಆಕಾಶಕ್ಕೆ ನಿಂತಿವೆ. ಜನ ನೀರನ್ನಷ್ಟೇ ನೋಡಿ ಬರುತ್ತಾರೆ. ಅರ್ಧ ಗಂಟೆ ನೀರಿಗೆ ಬೆನ್ನು ಹಾಕಿ ಆ ಕಾಡಿನ ಕಡೆ ಕೂತು ನೋಡಿ, ಅಂಡಮಾನ್ ಎಂದರೆ ಅರ್ಧ ಅದೇ. ಮೂರು ಗಂಟೆಗೇ ಅಲ್ಲಿರಬೇಕು. ಮರಳುವ ರಸ್ತೆಗೆ ದೀಪ ಕಡಿಮೆ, ತಿರುವು ಹೆಚ್ಚು. ಬಾಡಿಗೆ ಸ್ಕೂಟರ್‌ನವರು ಲೈಸೆನ್ಸ್, ಹೆಲ್ಮೆಟ್ ಇಟ್ಟುಕೊಳ್ಳಿ. ಪಡೆಯುವ ಮುನ್ನ ಹೆಡ್‌ಲೈಟ್ ಮತ್ತು ಹಿಂದಿನ ಬ್ರೇಕ್ ನೋಡಿ, ಹಳೆಯ ಗೀರುಗಳ ಫೋಟೊ ತೆಗೆದುಕೊಳ್ಳಿ.

ಮೂರನೆಯ ದಿನ ನೀರಿಗೆ ಮೀಸಲು. ಎಲಿಫೆಂಟ್ ಬೀಚ್‌ಗೆ ಜೆಟ್ಟಿಯಿಂದ ದೋಣಿಯಲ್ಲಿ ಹೋಗಬಹುದು, ಕಾಡಿನೊಳಗಿನ ಕಾಲುದಾರಿಯಲ್ಲಿ ನಡೆದೂ ಹೋಗಬಹುದು. ಮಳೆ ಬಿದ್ದ ಮರುದಿನ ಆ ದಾರಿ ಮೊಣಕಾಲುದ್ದ ಕೆಸರು. ಮೊದಲ ದೋಣಿಗೇ ಹೋಗಿ. ಹತ್ತರ ನಂತರ ನೂರಾರು ಕಾಲು ತುಳಿದು ಮರಳು ಎದ್ದು ನೀರು ರಾಡಿಯಾಗಿರುತ್ತದೆ.

ಸ್ಕೂಬಾ ಎಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದು. ಮೊದಲ ಸಲದವರನ್ನು ಬೋಧಕರು ಹಿಡಿದುಕೊಂಡೇ ಕರೆದೊಯ್ಯುತ್ತಾರೆ, ಆಳ 12 ಮೀಟರ್ ಮೀರುವುದಿಲ್ಲ. ವಯಸ್ಸು ಕನಿಷ್ಠ 10. ಕಿವಿಯ ನೋವೇ ಎಲ್ಲರ ದೂರು. ಕಾರಣ ಸರಳ, ಆಳಕ್ಕೆ ಹೋದಂತೆ ನೀರಿನ ಒತ್ತಡ ಕಿವಿತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗಿನ ಒತ್ತಡ ಸಮವಾಗುತ್ತದೆ. ಇಳಿಯುವಾಗ ಪ್ರತಿ ಅರ್ಧ-ಒಂದು ಮೀಟರಿಗೆ, ನೋವು ಶುರುವಾಗುವ ಮೊದಲೇ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ತಮಟೆಗೆ ಪೆಟ್ಟು. ಒಂದು ಮೀಟರ್ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿಯಿದ್ದರೆ ಇಳಿಯಲೇಬೇಡಿ, ದುಡ್ಡು ಹೋದರೂ ಹೋಗಲಿ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು ಅರ್ಜಿಯಲ್ಲಿ ಮುಚ್ಚಿಡಬಾರದು. ನೀರಿನಿಂದ ಎದ್ದು ವಿಮಾನ ಹತ್ತುವ ನಡುವೆ 18 ಗಂಟೆಯಾದರೂ ಬಿಡುವಿರಲಿ. ಸ್ಕೂಬಾವನ್ನು ಮೂರನೆಯ ದಿನಕ್ಕೆ ಇಟ್ಟಿರುವುದು ಅದಕ್ಕೇ.

ನಾಲ್ಕನೆಯ ದಿನ ಬೆಳಿಗ್ಗೆ ಕಾಲಾಪತ್ಥರ್ ತೀರದ ಸೂರ್ಯೋದಯ, ಆಮೇಲೆ ಫೆರ್ರಿಯಲ್ಲಿ ನೀಲ್. ಸಣ್ಣ ದ್ವೀಪ, ಬಾಳೆ, ತರಕಾರಿ ತೋಟಗಳ ನಡುವೆ ಸೈಕಲ್ ಸಾಕು. ಉಬ್ಬರ-ಇಳಿತದ ಹಾಳೆ ಕೆಲಸಕ್ಕೆ ಬರುವುದು ಇಲ್ಲಿ. ಲಕ್ಷ್ಮಣಪುರದ ಕಲ್ಲಿನ ಸಹಜ ಸೇತುವೆಯನ್ನು ಇಳಿತದ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದೊಳಗೆ ನೋಡಬೇಕು. ಉಬ್ಬರದಲ್ಲಿ ಹೋದರೆ ದಾರಿಯೇ ಇರುವುದಿಲ್ಲ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಪೂರ್ತಿ ಪಾದ ಊರಿ ನಡೆಯಿರಿ, ಅಜ್ಜ-ಅಜ್ಜಿಯರ ಜೊತೆ ಇಬ್ಬರು ಇರಲಿ. ಭರತಪುರ ತೀರಕ್ಕೆ ಇದರ ಉಲ್ಟಾ ಲೆಕ್ಕ. ಇಳಿತದಲ್ಲಿ ಹವಳ ಬಯಲಾಗಿ ಈಜಲು ನೀರೇ ಸಿಗುವುದಿಲ್ಲ, ನೀರು ಏರುತ್ತ ಅರ್ಧ ದಾಟಿದ ಮೇಲೆ ಹೋಗಿ. ಒಂದೇ ದಿನ ಎರಡನ್ನೂ ಇಟ್ಟುಕೊಂಡರೆ ಮೊದಲು ಸೇತುವೆ, ಮೂರು-ನಾಲ್ಕು ಗಂಟೆ ಬಿಟ್ಟು ಭರತಪುರ.

ಐದನೆಯ ದಿನ ಸೀತಾಪುರದ ಸೂರ್ಯೋದಯ ನೋಡಿ ಪೋರ್ಟ್ ಬ್ಲೇರ್‌ಗೆ ವಾಪಸು.

ಆರನೆಯ ದಿನ ಖಾಲಿ. ಏಳನೆಯ ದಿನ ವಿಮಾನ. ಫೆರ್ರಿಯಲ್ಲಿ ಬಂದ ದಿನವೇ ವಿಮಾನ ಹತ್ತುವ ಲೆಕ್ಕ ಹಾಕುವುದು ಈ ಪ್ರವಾಸದ ಅತಿ ದುಬಾರಿ ತಪ್ಪು. ಗಾಳಿ ಎದ್ದರೆ ಫೆರ್ರಿ ರದ್ದು. ಫೆರ್ರಿಯ ದುಡ್ಡು ವಾಪಸು ಬಂದೀತು, ತಪ್ಪಿದ ವಿಮಾನದ್ದು ಬಾರದು. ಹಡಗು ಸರಿಯಾಗಿ ಓಡಿದರೆ ಆರನೆಯ ದಿನ ನಿಮ್ಮ ಕೈಗೆ ಸಿಕ್ಕ ಲಾಭ. ಬೆಳಿಗ್ಗೆ ರಾಸ್ ದ್ವೀಪಕ್ಕೆ ಹೋಗಿ. 1858ರಿಂದ ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದು, 1941ರ ಭೂಕಂಪದ ನಂತರ ಬಿಟ್ಟುಹೋದ ಬಂಗಲೆಗಳನ್ನು ಆಲದ ಬೇರುಗಳು ತಬ್ಬಿ ನಿಂತಿವೆ. ಬುಧವಾರ ರಜೆ. ಇಲ್ಲವೇ ಇಡೀ ದಿನ ಜಾಲಿ ಬಾಯ್, ಅದಕ್ಕೆ ಸೋಮವಾರ ರಜೆ. ಮಧ್ಯಾಹ್ನದ ಮೇಲೆ ಸುಮಾರು 25 ಕಿ.ಮೀ. ದೂರದ ಚಿಡಿಯಾ ಟಾಪು, ಹಕ್ಕಿಗೂ ಸೂರ್ಯಾಸ್ತಕ್ಕೂ.

ಬಾರಾಟಾಂಗ್ ಏಕೆ ಈ ಪಟ್ಟಿಯಲ್ಲಿಲ್ಲ

ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ ನೋಡಲು ಬಾರಾಟಾಂಗ್‌ಗೆ ಎಲ್ಲ ಪ್ಯಾಕೇಜಿನವರೂ ಕರೆದೊಯ್ಯುತ್ತಾರೆ. ನಸುಕಿಗೆ ಎದ್ದು ಜಿರ್ಕಾಟಾಂಗ್‌ನಲ್ಲಿ ಸಾಲಾಗಿ ನಿಂತು, ಪೊಲೀಸ್ ಕಾವಲಿನ ಗುಂಪಿನಲ್ಲಿ ಸಾಗುವ ಆ ರಸ್ತೆ ಜಾರವಾ ಆದಿವಾಸಿ ಜನರ ಕಾಡನ್ನು ಸೀಳಿಕೊಂಡು ಹೋಗಿದೆ. ಗಾಡಿ ನಿಲ್ಲಿಸುವುದು, ಫೋಟೊ ತೆಗೆಯುವುದು, ಏನಾದರೂ ಕೊಡುವುದು ಎಲ್ಲವೂ ಅಪರಾಧ. ಅವರನ್ನು ಕಾಪಾಡಲು 1956ರಿಂದಲೇ ಕಾನೂನಿದೆ. ಹೊರಗಿನವರ ದಡಾರ, ನೆಗಡಿಗಳು ಅವರ ದೇಹಕ್ಕೆ ಹೊಸವು, ಒಂದು ಸೀನೇ ಕೇಡಾಗಬಹುದು. ಗುಹೆ ನೋಡುವ ನೆಪದಲ್ಲಿ ಜನ ಕಿಟಕಿಗೆ ಮುಖ ಹಚ್ಚಿ ಮನುಷ್ಯರನ್ನು ಹುಡುಕುತ್ತ ಹೋಗುವುದು ನೋಡಲು ಸಂಕಟ. ಒಂದು ವಾರದ ಪ್ರವಾಸದಲ್ಲಿ ಬಾರಾಟಾಂಗ್ ಬಿಟ್ಟರೆ ನಷ್ಟವಿಲ್ಲ, ಬಿಡಿ. ಹೋಗಲೇಬೇಕಾದವರು ಮೊಬೈಲ್ ಚೀಲದೊಳಗಿಟ್ಟು ಕಿಟಕಿ ಮುಚ್ಚಿ ಕೂತಿರಿ.

ಹತ್ತು-ಹನ್ನೆರಡು ದಿನ ರಜೆಯಿದ್ದವರಿಗೆ ಉತ್ತರದ ದಿಗ್ಲಿಪುರ ನಿಜವಾದ ಕಾಡು: ಮರಳದಂಡೆಯಿಂದ ಕೂಡಿಕೊಂಡ ರಾಸ್-ಸ್ಮಿತ್ ಅವಳಿ ದ್ವೀಪಗಳು (ಈ ರಾಸ್ ಬೇರೆ, ಪೋರ್ಟ್ ಬ್ಲೇರ್‌ನದ್ದಲ್ಲ), 732 ಮೀಟರಿನ ಸ್ಯಾಡಲ್ ಪೀಕ್, ಚಳಿಗಾಲದಲ್ಲಿ ಕಾಲಿಪುರದ ದಂಡೆಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳು. ಆಮೆ ನೋಡುವಾಗ ಟಾರ್ಚ್ ಬೇಡ, ಬೆಳಕು ಕಂಡರೆ ಮೊಟ್ಟೆಯಿಡದೆ ಮರಳಿಬಿಡುತ್ತದೆ. ಸರ್ಕಾರಿ ಹಡಗಿನಲ್ಲಿ ಹೋದರೆ ಜಾರವಾ ಕಾಡಿನ ರಸ್ತೆ ತಪ್ಪುತ್ತದೆ.

ಕಚ್ಚುವುದು, ಕುಯ್ಯುವುದು, ಚುಚ್ಚುವುದು

ಮೊಸಳೆ ಮೊದಲು. ಉಪ್ಪುನೀರಿನ ಮೊಸಳೆ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡು, ಹಳ್ಳ ಸಮುದ್ರ ಸೇರುವ ಜಾಗಗಳಲ್ಲಿರುತ್ತದೆ, ಸಮುದ್ರದಲ್ಲಿಯೂ ಈಜುತ್ತದೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಬಲಿಯಾದರು. ಕೆಲವು ಕಡೆ ಬಲೆ ಕಟ್ಟಿ ಈಜುವ ಜಾಗ ಗುರುತಿಸಿದ್ದಾರೆ, ಅದರೊಳಗೇ ಇರಿ. ಫಲಕವಿರುವಲ್ಲಿ ಮಂಡಿಯುದ್ದ ನೀರಿಗೂ ಇಳಿಯಬೇಡಿ, ಮುಸ್ಸಂಜೆಯಲ್ಲಂತೂ ಬೇಡ.

ಮರಳುನೊಣ ಕಚ್ಚಿದ್ದು ಆಗ ಗೊತ್ತಾಗುವುದಿಲ್ಲ, ಮರುದಿನ ಕಾಲ ತುಂಬ ಕೆಂಪು ಗಂಟು, ವಾರವಿಡೀ ತುರಿಕೆ. ಬೆಳಿಗ್ಗೆ, ಸಂಜೆ ಒದ್ದೆ ಮರಳಿನಲ್ಲಿ ಅದರ ಕಾಟ. ಚಾಪೆ ಹಾಸಿ ಕೂರಿ, ಕಾಲಿಗೆ ಕೊಬ್ಬರಿಎಣ್ಣೆ ದಪ್ಪಗೆ ಬಳಿಯಿರಿ, ತುರಿಸಬೇಡಿ.

ಹವಳ ಕುಯ್ದ ಗಾಯ ಸಣ್ಣದಾಗಿ ಕಂಡರೂ ಒಳಗೆ ಚೂರು ಉಳಿದು ಕೀವಾಗುತ್ತದೆ. ಸಿಹಿನೀರಿನಿಂದ ಐದು ನಿಮಿಷ ತೊಳೆದು ಔಷಧಿ ಹಚ್ಚಿ, ಅಂದು ಮತ್ತೆ ಸಮುದ್ರಕ್ಕಿಳಿಯಬೇಡಿ. ಕಲ್ಲುಮೀನು, ಸಿಂಹಮೀನಿನ ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕಾಲು ಅದ್ದಿ ಆಸ್ಪತ್ರೆಗೆ ಹೊರಡಿ. ಬಿಸಿಗೆ ನೋವು ಇಳಿಯುತ್ತದೆ.

ಹವಳವೂ ಗಾಯಗೊಳ್ಳುತ್ತದೆ. ಅದು ಕಲ್ಲಲ್ಲ, ಜೀವಿ. 2010 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಅಂಡಮಾನಿನ ಹವಳ ಬಿಳಿಚಿಕೊಂಡಿತು. ಅದಕ್ಕೂ ಮೊದಲು, 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ನೆಲ ಮೇಲೆದ್ದು ಹವಳ ನೀರಿನಿಂದ ಹೊರಬಿದ್ದು ಸತ್ತಿತು. ಪೋರ್ಟ್ ಬ್ಲೇರ್ ಕಡೆಯ ನೆಲ ಸುಮಾರು ಒಂದು ಮೀಟರ್ ಕುಸಿದು ಸಿಪ್ಪಿಘಾಟ್‌ನ ಹೊಲಗಳಿಗೆ ಸಮುದ್ರ ನುಗ್ಗಿತು. ಇಷ್ಟೆಲ್ಲ ತಾಳಿ ಉಳಿದದ್ದರ ಮೇಲೆ ದಣಿವಾರಿಸಿಕೊಳ್ಳಲು ಕಾಲೂರಬೇಡಿ. ಬೆನ್ನ ಮೇಲೆ ಮಲಗಿ ತೇಲಿದರೆ ದಣಿವು ಅಷ್ಟೇ ಬೇಗ ಆರುತ್ತದೆ.

ಮರಳುವಾಗ

ಹಿಂದಿನ ರಾತ್ರಿ ಮಕ್ಕಳ ಜೇಬು, ಚೀಲದ ಮೂಲೆ ಎಲ್ಲ ಖಾಲಿ ಮಾಡಿ ನೋಡಿ. ಹವಳದ ಚೂರು, ದಂಡೆಯಲ್ಲಿ ಆಯ್ದ ಶಂಖ ವಿಮಾನ ನಿಲ್ದಾಣದ ಯಂತ್ರದಲ್ಲಿ ಕಾಣುತ್ತವೆ. ಹವಳಕ್ಕೂ ಹಲವು ಬಗೆಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮಕ್ಕಳಿಗೆ ಕಾನೂನಿಗಿಂತ ಬೇಗ ಅರ್ಥವಾಗುವುದು ಸನ್ಯಾಸಿ ಏಡಿಯ ಪಾಡು. ಅದಕ್ಕೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆಲ್ಲ ದಂಡೆಯಲ್ಲಿ ದೊಡ್ಡ ಖಾಲಿ ಶಂಖ ಹುಡುಕಿ ಮನೆ ಬದಲಾಯಿಸುತ್ತದೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ವಸ್ತುಗಳಿಗೆ ರಸೀದಿ ಇಟ್ಟುಕೊಳ್ಳಿ.

ಮಧ್ಯಾಹ್ನದೊಳಗೆ ಬೆಂಗಳೂರಿಗೆ ಇಳಿಯುವ ವಿಮಾನವಾದರೆ ಸಂಜೆಯ ರೈಲಿಗೆ ದಾವಣಗೆರೆ ಸೇರಬಹುದು. ದೇವನಹಳ್ಳಿಯಿಂದ ರೈಲು ನಿಲ್ದಾಣಕ್ಕೆ ಎರಡು ಗಂಟೆ, ಲಗೇಜು ಬರಲು ಅರ್ಧ ಗಂಟೆ, ವಿಮಾನ ತಡವಾದರೆಂದು ಇನ್ನೊಂದು ಗಂಟೆ ಬಿಟ್ಟು ರೈಲು ಆರಿಸಿ. ಉಪ್ಪುನೀರು ಕಂಡ ಚಪ್ಪಲಿ, ಬಟ್ಟೆ, ಕನ್ನಡಕ, ಕ್ಯಾಮೆರಾ ಚೀಲದ ಜಿಪ್ಪುಗಳನ್ನು ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ಅದ್ದಿ ತೊಳೆಯಿರಿ. ತಡಮಾಡಿದರೆ ಜಿಪ್ಪು ವಾರದೊಳಗೆ ಹಸಿರುಗಟ್ಟಿ ಕಚ್ಚಿಕೊಳ್ಳುತ್ತದೆ.